ಹದಿನೇಳನೇ ಮೆಷಿನ್‌ನ ಹೊಸವರ್ಷ

ನನ್ನ ಕೋಪ ಮೂಗಿನ ತುದಿಯಲ್ಲಿ ಇರುತ್ತದೆ ಎಂದು ಅಮ್ಮ ಹೇಳುತ್ತಾಳೆ. ನನಗೆ ಅದರಲ್ಲಿ ಸ್ವಲ್ಪ ತಕರಾರು ಉಂಟು. ಮೂಗಿನ ತುದಿಯ ತನಕ ಬರಲಿಕ್ಕೂ ಅದಕ್ಕೆ ಒಂದಿಷ್ಟು ಹೊತ್ತು ಬೇಕಲ್ಲ, ನನ್ನದು ಅಷ್ಟೂ ಕಾಯುವುದಿಲ್ಲ. ಪುತ್ತೂರಿನ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದೇನೆ. ಸಾಲಿನ ಕೊನೆಯಲ್ಲಿ ಸೆಮಿಕೋಲನ್ ಬಿಟ್ಟವರಿಗೆ ಬೈದಿದ್ದೇನೆ, ಹಾಕಬಾರದ ಕಡೆ ಹಾಕಿದವರಿಗೆ ಇನ್ನೂ ಜಾಸ್ತಿ ಬೈದಿದ್ದೇನೆ. ಬೈಗುಳ ತಿಂದ ಮಕ್ಕಳೇ ಮದುವೆಗೆ ಕರೆಯುತ್ತಾರೆ, ಹೋಗಿ ಹೊಟ್ಟೆ ತುಂಬ ಉಂಡು ಬರುತ್ತೇನೆ. ಹೀಗೆ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇತ್ತು, ಕಳೆದ ವರ್ಷದ ಏಪ್ರಿಲ್ ತನಕ.

ನಮ್ಮ ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ಮೆಷಿನ್‌ಗಳು. ಎಲ್ಲವೂ ಹಳೆಯವು, ಕೆಲವು ಬಹಳ ಹಳೆಯವು. ಅವುಗಳನ್ನು ನೋಡಿಕೊಳ್ಳುವವರು ಆಲಂಕಾರಿನಿಂದ ದಿನಾ ಬಸ್ಸಿನಲ್ಲಿ ಬರುವ ಅಟೆಂಡರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಕಾಲೇಜಿಗೂ ನನಗಿಂತ ಹಳಬರು. ಧೂಳು ಒರೆಸುತ್ತಾ ಮೆಷಿನ್‌ಗಳ ಜೊತೆ ತುಳುವಿನಲ್ಲಿ ಮಾತಾಡುತ್ತಾರೆ, ಸತ್ತ ಮೌಸ್‌ಗಳನ್ನು ಬಿಚ್ಚಿ ಬದುಕಿಸುತ್ತಾರೆ. ಅವರಿಗೆ ಪ್ರಪಂಚದಲ್ಲಿ ಹೆದರಿಕೆ ಇರುವುದು ಎರಡಕ್ಕೇ. ಒಂದು ಗುಡುಗು, ಇನ್ನೊಂದು ನಾನು.

ಗುಡುಗಿನ ವಿಷಯದಲ್ಲಿ ಅವರನ್ನು ದೂರುವ ಹಾಗಿಲ್ಲ. ಪುತ್ತೂರು, ಕಡಬ, ಸುಳ್ಯ, ಎಲ್ಲಿ ನೋಡಿದರೂ ಜನ ಹೀಗೆಯೇ. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರು ಕಳೆದು ಆಕಾಶ ಒಮ್ಮೆ ಗುರುಗುಟ್ಟಿತೋ, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ, ಪ್ಲಗ್ ಕೀಳಲಿಕ್ಕೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಟಿವಿಯದ್ದು, ಫ್ರಿಜ್ಜಿನದ್ದು, ಮೋಡೆಮ್‌ನದ್ದು, ಎಲ್ಲ ಪ್ಲಗ್ಗನ್ನೂ ಕಿತ್ತು ಕೆಳಗೆ ಬಿಟ್ಟರೇ ಸಮಾಧಾನ. ಸಿಡಿಲಿಗೆ ಸುಟ್ಟುಹೋದ ಒಂದು ಟಿವಿಯ ಕಥೆ ಪ್ರತಿ ಮನೆಯಲ್ಲೂ ಇರುತ್ತದೆ. ನನ್ನ ತವರು ಪೆರಾಬೆ. ಅಲ್ಲಿ ಗುಡುಗಿದರೆ ಅಮ್ಮ ಮೊದಲು ತನ್ನ ಮನೆಯ ಪ್ಲಗ್ ತೆಗೆದು, ಆಮೇಲೆ ಪುತ್ತೂರಿನಲ್ಲಿರುವ ನನಗೆ ಫೋನ್ ಮಾಡುತ್ತಾಳೆ. “ಇಲ್ಲಿ ಶುರುವಾಯ್ತು. ಇನ್ನು ಹತ್ತು ನಿಮಿಷದಲ್ಲಿ ಅಲ್ಲಿಗೆ ಬರ್ತದೆ. ಪ್ಲಗ್ ತೆಗಿ.” ಪಾಠ ಮಾಡುತ್ತಿದ್ದರೂ ಫೋನ್ ಎತ್ತಬೇಕು. ಇಲ್ಲದಿದ್ದರೆ ಎತ್ತುವ ತನಕ ಬಿಡುವುದಿಲ್ಲ.

ಆಗ ಎರಡನೇ ವರ್ಷದ ಮಕ್ಕಳಿಗೆ ಫೈಲಿನ ಪಾಠ ನಡೆಯುತ್ತಿತ್ತು. ಫೈಲ್ ತೆರೆಯುವುದು, ಓದುವುದು, ಬರೆಯುವುದು ಮುಗಿದು, ಒಂದೊಂದು ಫೈಲಿನ ಬಗ್ಗೆಯೂ ಮೆಷಿನ್ ತನ್ನ ಪಾಡಿಗೆ ಏನೇನು ಬರೆದಿಟ್ಟುಕೊಳ್ಳುತ್ತದೆ ಎಂಬಲ್ಲಿಗೆ ಬಂದಿದ್ದೆವು. ಫೈಲ್ ಎಷ್ಟು ದೊಡ್ಡದು, ಯಾರದ್ದು, ಯಾರು ಮುಟ್ಟಬಹುದು, ಯಾವಾಗ ಬದಲಾಯಿತು. ಇದನ್ನು ಕೇಳಿ ತಿಳಿಯಲು ಸಿ ಭಾಷೆಯಲ್ಲಿ ಸ್ಟ್ಯಾಟ್ ಎಂಬ ಫಂಕ್ಷನ್ ಇದೆ. ಫೈಲನ್ನು ತೆರೆಯದೆಯೇ ಈ ವಿವರವನ್ನೆಲ್ಲ ತಂದು ಕೈಗೆ ಕೊಡುತ್ತದೆ. ಅರ್ಧ ಗಂಟೆ ವಿವರಿಸಿದೆ. ಮಕ್ಕಳ ಮುಖ ನೋಡಿದರೆ ಒಂದಕ್ಷರವೂ ತಲೆಗೆ ಹೋಗಿಲ್ಲ ಎಂದು ಗೊತ್ತಾಗುತ್ತಿತ್ತು. ಬೈಯಲು ಬಾಯಿ ತೆರೆದವಳಿಗೆ ಅಮ್ಮನ ಉಪ್ಪಿನಕಾಯಿ ಭರಣಿ ನೆನಪಾಯಿತು.

ಮಾವಿನ ಮಿಡಿ ಹಾಕಿದ ಮೇಲೆ ಅಮ್ಮ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಹೊಟ್ಟೆಗೆ ಒಂದು ಚೀಟಿ ಅಂಟಿಸುತ್ತಾಳೆ. ನೋಡಲಿಕ್ಕೆಂದು ಸುಮ್ಮಸುಮ್ಮನೆ ಬಿಚ್ಚಿದರೆ ಉಪ್ಪಿನಕಾಯಿ ಹಾಳಾಗುತ್ತದೆ, ಆದ್ದರಿಂದ ತಿಳಿಯಬೇಕಾದ್ದೆಲ್ಲ ಚೀಟಿಯಲ್ಲೇ ಇರುತ್ತದೆ. “ಸ್ಟ್ಯಾಟ್ ಅಂದ್ರೆ ಭರಣಿ ಬಿಚ್ಚದೆ ಚೀಟಿ ಓದುದು,” ಎಂದೆ. ಮಕ್ಕಳು ಎದ್ದು ಕೂತರು. ಆ ಚೀಟಿಯಲ್ಲಿ ಮೂರು ಹೊತ್ತುಗಳು ಇರುತ್ತವೆ. ಕೊನೆಯ ಸಲ ಉಪ್ಪಿನಕಾಯಿ ತೆಗೆದು ಬಡಿಸಿದ್ದು ಯಾವಾಗ, ಅದು ಎ-ಟೈಮ್. ಕೊನೆಯ ಸಲ ಒಳಗೆ ಉಪ್ಪೋ ಖಾರವೋ ಸೇರಿಸಿದ್ದು ಯಾವಾಗ, ಅದು ಎಂ-ಟೈಮ್. ಇವೆರಡನ್ನು ನಾವು ಬೇಕಾದ ಹಾಗೆ ತಿದ್ದಬಹುದು, ಅದಕ್ಕೆಂದೇ ಯುಟೈಮ್ ಎಂಬ ಇನ್ನೊಂದು ಫಂಕ್ಷನ್ ಇದೆ. ಮೂರನೆಯದು ಸಿ-ಟೈಮ್. ಒಳಗಿನ ಉಪ್ಪಿನಕಾಯಿಯನ್ನೋ ಹೊರಗಿನ ಚೀಟಿಯನ್ನೋ ಕೊನೆಯದಾಗಿ ಬದಲಿಸಿದ ಹೊತ್ತು ಅದು.

“ಅದನ್ನು ಬರೆಯುದು ಅಮ್ಮ ಮಾತ್ರ,” ಎಂದೆ. “ನೀವು ಕದ್ದು ಚೀಟಿ ತಿದ್ದಿದ್ರೆ, ತಿದ್ದಿದ ಹೊತ್ತನ್ನೂ ಅವಳು ಗಡಿಯಾರ ನೋಡಿ ಬರೆದಿಡ್ತಾಳೆ. ಅಲ್ಲಿ ನಿಮ್ಮ ಆಟ ನಡೀಲಿಕ್ಕಿಲ್ಲ.”

ಕ್ಲಾಸು ನಕ್ಕಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಮಾತ್ರ ತಲೆ ತಗ್ಗಿಸಿ ಅದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಅವಳು ಅರಂತೋಡಿನವಳು. ಸುಳ್ಯದಲ್ಲಿ ಬಸ್ಸು ಬದಲಿಸಿ ದಿನಾ ಪುತ್ತೂರಿಗೆ ಬಂದು ಹೋಗುತ್ತಿದ್ದಳು. ಮನೆಯಲ್ಲಿ ಸುಳ್ಯದ ಕಡೆಯ ಅರೆಭಾಷೆ ಮಾತಾಡುವವಳು, ಕಾಲೇಜಿನಲ್ಲಿ ಯಾವ ಭಾಷೆಯನ್ನೂ ಹೆಚ್ಚು ಮಾತಾಡುತ್ತಿರಲಿಲ್ಲ. ಎರಡು ವರ್ಷದಲ್ಲಿ ನಾನು ಅವಳಿಗೆ ಒಮ್ಮೆಯೂ ಬೈದಿರಲಿಲ್ಲ, ಯಾಕೆಂದರೆ ಅವಳು ಇದ್ದದ್ದೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪಾಠ ಮುಗಿಸಿ ಒಂದು ವಾರದ ಕೆಲಸ ಕೊಟ್ಟೆ. ಒಂದು ಫೋಲ್ಡರಿನಲ್ಲಿರುವ ಎಲ್ಲ ಫೈಲುಗಳ ಗಾತ್ರ, ತಾರೀಕುಗಳನ್ನು ಪಟ್ಟಿ ಮಾಡುವ ಪ್ರೋಗ್ರಾಂ ಬರೆಯಬೇಕು. ಸೋಮವಾರದಿಂದ ಶನಿವಾರ ಮಧ್ಯಾಹ್ನದ ಒಳಗೆ, ಲ್ಯಾಬಿನಲ್ಲಿ, ತಮ್ಮ ತಮ್ಮ ಮೆಷಿನ್‌ನಲ್ಲೇ ಕೂತು. ಇದಕ್ಕೆ ಇಂಟರ್ನಲ್ ಮಾರ್ಕು ಇಪ್ಪತ್ತು. ಇಲ್ಲಿ ಸೊನ್ನೆ ಬಂದರೆ ಪರೀಕ್ಷೆಗೆ ಕೂರಲಿಕ್ಕಿಲ್ಲ, ಒಂದು ವರ್ಷ ಹೋಯಿತು ಎಂದೇ ಲೆಕ್ಕ.

ನಮ್ಮ ಮಕ್ಕಳಿಗೆ ಒಂದು ಚಾಳಿ ಉಂಟು. ಸೀನಿಯರುಗಳ ಹಳೆಯ ಫೈಲನ್ನು ಪೆನ್ ಡ್ರೈವಿನಲ್ಲಿ ತಂದು ಇಳಿಸಿ, ಇದು ನಮ್ಮದೇ ಮೇಡಂ ಎಂದು ಮುಗ್ಧ ಮುಖ ಮಾಡಿ ನಿಲ್ಲುತ್ತಾರೆ. ನೆಟ್ಟಿನಿಂದ ಇಳಿಸುವುದನ್ನು ತಪ್ಪಿಸಲು ಲ್ಯಾಬಿನ ನೆಟ್ಟನ್ನೇ ನಾನು ತೆಗೆಸಿಬಿಟ್ಟಿದ್ದೆ. ಪೆನ್ ಡ್ರೈವಿಗೆ ಎಂತ ಮಾಡುವುದು? ಈ ಸಲ ಅದಕ್ಕೂ ಒಂದು ಮದ್ದು ಅರೆದೆ. ಮೂವತ್ತು ಸಾಲಿನ ಒಂದು ಪ್ರೋಗ್ರಾಂ. ಸ್ಟ್ಯಾಟ್ ಕರೆದು ಪ್ರತಿಯೊಬ್ಬರ ಫೈಲಿನ ಎಂ-ಟೈಮ್ ನೋಡುತ್ತದೆ. ಕೊಟ್ಟ ವಾರದ ಒಳಗಿದ್ದರೆ ಪಾಸು. ಆಮೇಲಿನದ್ದಾದರೆ ತಡ. ಮೊದಲಿನದ್ದಾದರೆ ಹಳೇ ಸರಕು. ಫೈಲಿಗೆ ಪೊಲೀಸ್ ಡಾಟ್ ಸಿ ಎಂದು ಹೆಸರಿಟ್ಟೆ. ಪ್ರಿನ್ಸಿಪಾಲರಿಗೂ ತೋರಿಸಿದೆ. ಅವರು ಕೆಮಿಸ್ಟ್ರಿಯವರು. “ಭಾರೀ ಉಂಟಲ್ಲ ಮೇಡಂ! ಮೀಟಿಂಗಿನಲ್ಲಿ ಹೇಳುವಾ,” ಎಂದರು. ಹೇಳಿಯೂ ಹೇಳಿದರು. ಆ ದಿನ ಸ್ಟಾಫ್ ರೂಮಿನಲ್ಲಿ ನನ್ನ ಜಂಭ ನೋಡಬೇಕಿತ್ತು. ಚಾ ಕುಡಿಯುವಾಗಲೂ ಕತ್ತು ಕೆಳಗೆ ಬರುತ್ತಿರಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ಮಕ್ಕಳನ್ನೆಲ್ಲ ಅವರವರ ಮೆಷಿನ್‌ನ ಹತ್ತಿರ ನಿಲ್ಲಿಸಿ, ಪೊಲೀಸನ್ನು ಪೆನ್ ಡ್ರೈವಿನಲ್ಲಿ ಹಿಡಿದುಕೊಂಡು ಒಂದೊಂದರಲ್ಲೇ ಓಡಿಸುತ್ತಾ ಹೋದೆ. ಗಮ್ಮತ್ತಾಗಿತ್ತು. ಒಬ್ಬನ ಫೈಲು ಅದೇ ಬೆಳಿಗ್ಗೆ ಎಂಟೂವರೆಯದ್ದು. “ಬಸ್ಸು ತಡ ಆಯ್ತು ಮೇಡಂ,” ಎಂದ. ಶನಿವಾರದ ಬಸ್ಸು ಸೋಮವಾರ ಬಂತಾ ಎಂದು ಕೇಳಿದೆ. ಇನ್ನೊಬ್ಬನದ್ದು ಎರಡು ವರ್ಷದ ಹಿಂದಿನ ಫೈಲು. ಅದು ತನ್ನ ಅಣ್ಣನದ್ದು, ಅಣ್ಣನದ್ದು ಅಂದರೆ ತನ್ನದೇ ಹಾಗೆ ಎಂದು ವಾದ ಮಾಡಿದ. ಇಬ್ಬರಿಗೂ ಯಥಾಶಕ್ತಿ ಬೈದು, ಹೊಸತಾಗಿ ಬರೆಯಲಿಕ್ಕೆ ಎರಡು ದಿನ ಕೊಟ್ಟೆ. ಹೀಗೆ ಹದಿನೇಳನೇ ಮೆಷಿನ್‌ಗೆ ಬಂದೆ. ಅದು ಅರಂತೋಡಿನ ಹುಡುಗಿಯದ್ದು. ಪೊಲೀಸ್ ಹೇಳಿತು: ಎರಡು ಸಾವಿರದ ಒಂಬತ್ತು, ಜನವರಿ ಒಂದು, ನಡುರಾತ್ರಿ ಹನ್ನೆರಡು ಐವತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ವರ್ಷ ಹಳೆಯದು ತಂದವನನ್ನಾದರೂ ಕ್ಷಮಿಸಬಹುದು, ಇವಳು ಯಾವ ಕಾಲದ ಸರಕು ತಂದಿದ್ದಾಳೆ!

“ನಿನಗೆ ವಯಸ್ಸೆಷ್ಟು?” ಎಂದು ಕೇಳಿದೆ.

“ಹತ್ತೊಂಬತ್ತು ಮೇಡಂ.”

“ಎರಡು ಸಾವಿರದ ಒಂಬತ್ತರಲ್ಲಿ ಎಲ್ಲಿದ್ದಿ?”

ಅವಳು ಯೋಚಿಸಿ, “ಅಂಗನವಾಡಿಗೆ ಹೋಗ್ತಿದ್ದೆ ಅಂತ ಕಾಣ್ತದೆ ಮೇಡಂ,” ಎಂದಳು.

“ಓಹೋ. ಅಂಗನವಾಡಿಗೆ ಹೋಗ್ತಾ, ಹೊಸವರ್ಷದ ದಿನ ನಡುರಾತ್ರಿ ಎದ್ದು ಕೂತು ಸಿ ಪ್ರೋಗ್ರಾಂ ಬರೆದದ್ದಾ? ಎಂತ ಬುದ್ಧಿವಂತೆ ಮಾರಾಯ್ತಿ ನೀನು!”

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ಕಿವಿ ಕೆಂಪಾಯಿತು. “ಮೇಡಂ, ನಾನು ಗುರುವಾರ ಇಲ್ಲೇ ಕೂತು...” ಎಂದು ಶುರು ಮಾಡಿದಳು. “ಸಾಕು, ಕದ್ದದ್ದಲ್ಲದೆ ಮೇಲೆ ಸುಳ್ಳು ಬೇರೆ. ಮೆಷಿನ್ ಸುಳ್ಳು ಹೇಳುದಿಲ್ಲ,” ಎಂದು ಬಾಯಿ ಮುಚ್ಚಿಸಿ, ಮಾರ್ಕಿನ ಪುಸ್ತಕದಲ್ಲಿ ಅವಳ ಸಾಲಿಗೆ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ ಹಾಕಿದೆ. ಉಳಿದಿಬ್ಬರಿಗೆ ಕೊಟ್ಟ ಎರಡು ದಿನವನ್ನು ಇವಳಿಗೆ ಕೊಡಲಿಲ್ಲ. ತಿರುಗಿದರೆ ಬಾಗಿಲ ಹತ್ತಿರ ಅಟೆಂಡರು ಏನೋ ಹೇಳುವವರ ಹಾಗೆ ನಿಂತಿದ್ದರು. “ನಿಮ್ಮದೆಂತ?” ಎಂದೆ. ಅದೇ ಸ್ವರದಲ್ಲಿ. “ಎಂತ ಇಲ್ಲ ಮೇಡಂ,” ಎಂದು ಹೋದರು.

ಎರಡು ದಿನ ಕಳೆದು, ಬುಧವಾರ ಮಧ್ಯಾಹ್ನ, ನಾನು ಲ್ಯಾಬಿನಲ್ಲಿ ಒಬ್ಬಳೇ ಕೂತು ಮಾರ್ಕಿನ ಪುಸ್ತಕದ ಲೆಕ್ಕ ಕೂಡಿಸುತ್ತಿದ್ದೆ. ಸಂಜೆ ಐದರ ಒಳಗೆ ಅದು ಪ್ರಿನ್ಸಿಪಾಲರ ಮೇಜಿಗೆ ಹೋಗಬೇಕಿತ್ತು. ಅವರು ಸಹಿ ಹಾಕಿ ಕಳಿಸಿದರೆ ಮತ್ತೆ ಯಾರೂ ಏನೂ ಮಾಡುವ ಹಾಗಿಲ್ಲ. ಆಗ ಅವಳು ಬಂದಳು. ಕೈಯಲ್ಲಿ ನೋಟ್ ಪುಸ್ತಕದಿಂದ ಹರಿದ ಒಂದು ಹಾಳೆ. ಅದರಲ್ಲಿ ಪೆನ್ನಿನಲ್ಲಿ ಬರೆದ ಹದಿನೈದು ಸಾಲಿನ ಪ್ರೋಗ್ರಾಂ.

“ಇದನ್ನು ನನ್ನ ಮೆಷಿನ್‌ನಲ್ಲಿ ಒಮ್ಮೆ ಓಡಿಸಿ ನೋಡ್ತೀರಾ ಮೇಡಂ?”

“ಮುಗಿದ ವಿಷಯ ಅದು. ಹೋಗು,” ಎಂದೆ.

ಅವಳು ಹೋಗಲಿಲ್ಲ. “ಅಪ್ಪನಿಗೆ ರೋಡಿನ ಬದಿಯಲ್ಲಿ ಅಂಗಡಿ ಉಂಟು ಮೇಡಂ. ಈ ವರ್ಷ ಹೋದ್ರೆ ಮತ್ತೆ ಓದುದು ಬೇಡ, ಅಂಗಡಿಯಲ್ಲಿ ಕೂರು ಅಂತ ಹೇಳಿದ್ದಾರೆ. ಅಂಗಡಿಯಲ್ಲಿ ಕೂರ್ಲಿಕ್ಕೆ ನನಗೆ ಬೇಜಾರಿಲ್ಲ. ಕದ್ದವಳು ಅಂತ ಹೆಸರು ತಗೊಂಡು ಹೋಗಿ ಕೂರ್ಲಿಕ್ಕೆ ಆಗುದಿಲ್ಲ.” ಕಣ್ಣು ತಗ್ಗಿಸದೆ ಹೇಳಿದಳು. ಎರಡು ವರ್ಷದಲ್ಲಿ ಅವಳು ನನ್ನ ಹತ್ತಿರ ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

“ಇದರಲ್ಲಿ ಎಂತ ಉಂಟು?” ಎಂದು ಹಾಳೆ ತೆಗೆದುಕೊಂಡೆ.

“ನಿಮ್ಮ ಪೊಲೀಸ್ ಎಂ-ಟೈಮ್ ಮಾತ್ರ ನೋಡ್ತದೆ ಮೇಡಂ. ಅಮ್ಮ ಬರೆದದ್ದನ್ನು ನೋಡುದೇ ಇಲ್ಲ.”

ಕೆನ್ನೆಗೆ ಹೊಡೆದ ಹಾಗಾಯಿತು. ನನ್ನದೇ ಭರಣಿ, ನನ್ನದೇ ಚೀಟಿ! ಹದಿನೇಳನೇ ಮೆಷಿನ್‌ನ ಎದುರು ಹೋಗಿ ಕೂತೆ. ಹಾಳೆಯಲ್ಲಿದ್ದದ್ದನ್ನು ಟೈಪು ಮಾಡಿ ಓಡಿಸಿದೆ. ಎಲ್ಲಾದರೂ ಸೆಮಿಕೋಲನ್ ಬಿಟ್ಟಿದ್ದಾಳೋ ಎಂದು ಹುಡುಕಿದೆ, ಬಿಟ್ಟಿರಲಿಲ್ಲ. ಪರದೆಯ ಮೇಲೆ ಎಂ-ಟೈಮ್, ಸಿ-ಟೈಮ್ ಒಂದರ ಕೆಳಗೆ ಒಂದು ಬಂದವು. ಎರಡೂ ಒಂದೇ. ಎರಡು ಸಾವಿರದ ಒಂಬತ್ತು, ಜನವರಿ ಒಂದು, ಹನ್ನೆರಡು ಐವತ್ತು.

“ನಾನು ಪೆನ್ ಡ್ರೈವಿನಲ್ಲಿ ತಂದು ಹಾಕಿದ್ದಾದ್ರೆ, ಸಿ-ಟೈಮ್‌ನಲ್ಲಿ ತಂದು ಹಾಕಿದ ದಿನ ಇರ್ಬೇಕಿತ್ತು,” ಎಂದಳು. “ಮತ್ತೆ ಈ ಮೆಷಿನ್‌ನಲ್ಲಿ ನನಗೆ ಫೋಲ್ಡರ್ ಮಾಡಿ ಕೊಟ್ಟದ್ದು ನೀವೇ, ಹೋದ ವರ್ಷ. ಅದು ಹುಟ್ಟುವ ಮೊದಲೇ ಅದರ ಒಳಗೆ ಫೈಲ್ ಹೇಗೆ ಬರ್ತದೆ ಮೇಡಂ?”

ಉತ್ತರ ಇಲ್ಲದಿದ್ದಾಗ ನನಗೆ ಬರುವುದು ಕೋಪವೇ. ಮೆಷಿನ್‌ನ ತಾರೀಕು ಕೇಳಿ ನೋಡಿದೆ. ಅದು ಬುಧವಾರವನ್ನೇ ತೋರಿಸಿತು, ನಿಮಿಷವೂ ಸರಿಯಾಗಿತ್ತು. “ನೋಡು, ಗಡಿಯಾರ ಸರಿಯಾಗಿಯೇ ಉಂಟಲ್ಲ!” ಎಂದು ಗೆದ್ದವಳ ಹಾಗೆ ಹೇಳಿದೆ. “ಅದೇ ನನಗೂ ಗೊತ್ತಾಗ್ಲಿಲ್ಲ ಮೇಡಂ,” ಎಂದಳು ಅವಳು. ಅಷ್ಟು ಹೊತ್ತಿಗೆ ನನ್ನ ಫೋನ್ ಬಡಿದುಕೊಂಡಿತು.

“ಇಲ್ಲಿ ಶುರುವಾಯ್ತು,” ಎಂದಳು ಅಮ್ಮ. “ಪ್ಲಗ್ ತೆಗಿ.”

ನಾನು ಪ್ಲಗ್ ತೆಗೆಯುವ ಪ್ರಶ್ನೆಯೇ ಬರಲಿಲ್ಲ. ಪುತ್ತೂರಿನ ಆಕಾಶ ಒಮ್ಮೆ ಗುಡುಗಿದ್ದೇ ತಡ, ಅಟೆಂಡರು ವರಾಂಡದಿಂದ ಓಡಿ ಬಂದರು. “ಏಳಿ ಮೇಡಂ, ಏಳಿ, ಸಿಡಿಲು!” ಎಂದು ಕೂಗುತ್ತಾ ಮೇನ್ ಸ್ವಿಚ್ ಇಳಿಸಿ, ಬಗ್ಗಿ ಬಗ್ಗಿ ಇಪ್ಪತ್ತನಾಲ್ಕೂ ಪ್ಲಗ್ಗನ್ನು ಕಿತ್ತು ಹಾಕಿದರು. ಅಷ್ಟು ಅಂಬ್ರೆಪಿನಲ್ಲಿ, ಅಷ್ಟು ಗಡಿಬಿಡಿಯಲ್ಲಿ, ಅವರು ಆಲಂಕಾರಿನ ಬಸ್ಸನ್ನೂ ಹಿಡಿದಿರಲಿಕ್ಕಿಲ್ಲ. ಮುಕ್ಕಾಲು ಗಂಟೆ ಮೂವರೂ ಕಿಟಕಿಯಿಂದ ದೂರ, ಗೋಡೆಯಿಂದ ದೂರ, ಲ್ಯಾಬಿನ ನಡುಮಧ್ಯ ಸ್ಟೂಲು ಹಾಕಿಕೊಂಡು ಕೂತೆವು. ಅಟೆಂಡರು ತಮ್ಮ ಚೀಲದಿಂದ ಹಲಸಿನಕಾಯಿ ಚಿಪ್ಸ್ ತೆಗೆದು ಇಬ್ಬರಿಗೂ ಕೊಟ್ಟರು. ಹುಡುಗಿ ಎರಡು ತಿಂದಳು. ನನ್ನ ಪಾಲು ಕೈಯಲ್ಲೇ ಉಳಿಯಿತು.

ಮಳೆ ನಿಂತ ಮೇಲೆ ಪ್ಲಗ್ಗುಗಳು ವಾಪಸು ಹೋದವು, ಮೆಷಿನ್‌ಗಳು ಎದ್ದವು. ಹದಿನೇಳನೆಯದ್ದು ಮಾತ್ರ ಅರ್ಧದಲ್ಲಿ ನಿಂತು, ಕಪ್ಪು ಪರದೆಯಲ್ಲಿ ಎರಡು ಸಾಲು ಬಿಳಿ ಅಕ್ಷರ ತೋರಿಸಿತು. ಮುಂದೆ ಹೋಗಲು ಎಫ್ ಒಂದು ಎಂಬ ಕೀ ಒತ್ತಿ ಎಂದು.

“ಗುರುವಾರವೂ ಹೀಗೇ ಬಂದಿತ್ತು ಮೇಡಂ,” ಎಂದಳು ಹುಡುಗಿ. “ಆ ದಿನ ಗುಡುಗಿಗೆ ಎಲ್ಲ ಬಸ್ಸಿಗೆ ಓಡಿದ್ರು. ನನ್ನ ಬಸ್ಸಿಗೆ ಹೊತ್ತಿತ್ತು, ನಿಂತೆ. ಇವರು ಪ್ಲಗ್ ಹಾಕಿ ಕೊಟ್ಟ ಮೇಲೆ ಎಫ್ ಒಂದು ಒತ್ತಿ, ಕೂತು ಬರೆದು ಮುಗಿಸಿದೆ.” ಹೇಳುತ್ತಾ ಒತ್ತಿದಳು. ನಾನು ಮತ್ತೊಮ್ಮೆ ತಾರೀಕು ಕೇಳಿದೆ. ಎರಡು ಸಾವಿರದ ಒಂಬತ್ತು, ಜನವರಿ ಒಂದು, ಹನ್ನೆರಡು ಗಂಟೆ ಮೂರು ನಿಮಿಷ.

“ಓ, ಅದಾ?” ಎಂದರು ಅಟೆಂಡರು ಹಿಂದಿನಿಂದ. “ಅದು ಯಾವಾಗ್ಲೂ ಹಾಗೇ ಮೇಡಂ. ಪ್ಲಗ್ ತೆಗೆದ್ರೆ ಇದಕ್ಕೆ ಹೊಸವರ್ಷ. ಒಳಗೆ ಒಂದು ಗುಂಡಿಯ ಹಾಗಿನ ಬ್ಯಾಟರಿ ಇರ್ತದಲ್ಲ, ಅದು ಸತ್ತು ಸುಮಾರು ದಿನ ಆಯ್ತು. ಬೆಳಿಗ್ಗೆ ಬಂದ ಕೂಡ್ಲೇ ನಾನು ತಾರೀಕು ಸರಿ ಮಾಡಿ ಇಡ್ತೇನೆ. ಅದಕ್ಕೇ ಯಾರಿಗೂ ಗೊತ್ತಾಗುದಿಲ್ಲ.”

ಎಲ್ಲ ಒಮ್ಮೆಲೇ ಅರ್ಥವಾಯಿತು. ಪ್ಲಗ್ ಇರುವ ತನಕ ಮೆಷಿನ್‌ನ ಗಡಿಯಾರ ಕರೆಂಟಿನಲ್ಲಿ ನಡೆಯುತ್ತದೆ. ಪ್ಲಗ್ ಕಿತ್ತರೆ ಆ ಬ್ಯಾಟರಿಯೇ ಗತಿ. ಬ್ಯಾಟರಿ ಸತ್ತರೆ ಗಡಿಯಾರಕ್ಕೆ ಎಲ್ಲ ಮರೆತುಹೋಗಿ, ಹುಟ್ಟಿದಲ್ಲಿಂದ ಶುರು. ನೆಟ್ ಇದ್ದಿದ್ದರೆ ಕೇಳಿ ಸರಿ ಮಾಡಿಕೊಳ್ಳುತ್ತಿತ್ತೋ ಏನೋ, ಅದನ್ನು ಕಿತ್ತು ಹಾಕಿದವಳು ನಾನು. ಭರಣಿಯ ಅಮ್ಮ ಸತ್ಯವಂತೆಯೇ. ಆದರೆ ಗೋಡೆಯ ಗಡಿಯಾರ ನಿಂತುಹೋಗಿದ್ದರೆ ಅವಳು ಪಾಪ ಎಂತ ಮಾಡಿಯಾಳು, ಕಂಡದ್ದನ್ನು ಬರೆಯುತ್ತಾಳೆ. ಗುರುವಾರ ಮೆಷಿನ್‌ನ ಹೊಸವರ್ಷ ಹುಟ್ಟಿ ಐವತ್ತು ನಿಮಿಷಕ್ಕೆ ಈ ಹುಡುಗಿ ತನ್ನ ಪ್ರೋಗ್ರಾಂ ಬರೆದು ಮುಗಿಸಿದ್ದಳು. ಬೇರೆಯವರೆಲ್ಲ ಓಡಿಹೋದ ಮೇಲೆ ಒಬ್ಬಳೇ ಕೂತು ಕೆಲಸ ಮಾಡಿದವಳಿಗೆ ನಾನು ಕೊಟ್ಟದ್ದು ಸೊನ್ನೆ.

“ಬ್ಯಾಟರಿ ಹೋಗಿದೆ ಅಂತ ನನಗೆ ಯಾಕೆ ಹೇಳಲಿಲ್ಲ?” ಎಂದು ಅಟೆಂಡರನ್ನು ಕೇಳಿದೆ.

ಅವರು ತಲೆ ಕೆರೆದುಕೊಂಡರು. “ಮೂರು ಸಲ ಬಂದಿದ್ದೆ ಮೇಡಂ, ಹೊಸತು ತರಿಸ್ಲಿಕ್ಕೆ ಹೇಳುವಾ ಅಂತ. ಮೂರು ಸಲವೂ ನೀವು ಯಾರಿಗೋ ಬೈತಾ ಇದ್ರಿ. ವಾಪಸ್ ಹೋದೆ.” ಹುಡುಗಿಯ ಕಡೆ ನೋಡಿ, “ಮೂರನೇ ಸಲ ಇವಳಿಗೇ ಬೈತಾ ಇದ್ದದ್ದು,” ಎಂದರು.

ಹುಡುಗಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅಟೆಂಡರೂ ನಕ್ಕರು. ಕೊನೆಗೆ ನಾನೂ ನಕ್ಕೆ, ಆದರೆ ನನ್ನ ನಗುವಿನ ಒಳಗೆ ನಾಚಿಕೆ ತುಂಬಿತ್ತು. ಹದಿನಾಲ್ಕು ವರ್ಷ ನನ್ನ ಕೋಪವನ್ನು ನಾನು ಒಂದು ತಮಾಷೆ ಎಂದೇ ತಿಳಿದಿದ್ದೆ. ಅದಕ್ಕೆ ಹೆದರಿ ಒಬ್ಬರು ಒಂದು ಸಣ್ಣ ಬ್ಯಾಟರಿಯ ವಿಷಯವನ್ನೂ ಹೇಳದೆ ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಬಂದು ಗಡಿಯಾರ ತಿದ್ದುತ್ತಿದ್ದರು ಎಂದರೆ!

ಪ್ರಿನ್ಸಿಪಾಲರ ರೂಮಿಗೆ ಹೋದಾಗ ಐದಕ್ಕೆ ಹತ್ತು ನಿಮಿಷ ಇತ್ತು. “ಪೊಲೀಸ್ ತಪ್ಪು ಜನವನ್ನು ಹಿಡಿದಿದೆ ಸರ್,” ಎಂದೆ. ಅವರು ಪೂರ್ತಿ ಕಥೆ ಕೇಳಿ, “ಎಂತ ಮಾರಾಯ್ರೆ ನೀವು! ಮೀಟಿಂಗಿನಲ್ಲಿ ನಾನು ಅಷ್ಟು ಹೊಗಳಿ ಆಯ್ತಲ್ಲ,” ಎಂದು ನಕ್ಕರು. ಆಮೇಲೆ ಡ್ರಾಯರಿನಿಂದ ವೈಟ್ನರಿನ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟರು. “ಮಂಡೆ ಬೆಚ್ಚ ಮಾಡ್ಬೇಡಿ. ಇದನ್ನು ಹಚ್ಚಿ ಸರಿ ಮಾಡಿ. ಪುಸ್ತಕ ನಾಳೆ ಕಳಿಸುವಾ. ಯಾರಿಗೂ ಗೊತ್ತಾಗುದಿಲ್ಲ.” ಯಾರಿಗೂ ಗೊತ್ತಾಗುವುದಿಲ್ಲ ಎಂಬ ಆ ಮಾತು ಕೇಳಿ, ನಿಜ ಹೇಳಬೇಕೆಂದರೆ, ನನಗೆ ಬಹಳ ಹಿತವಾಯಿತು. ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ.

ಸಂಜೆ ಅಮ್ಮ ಮತ್ತೆ ಫೋನ್ ಮಾಡಿದಳು, ಏನಾದರೂ ಸುಟ್ಟುಹೋಯಿತೋ ಎಂದು ವಿಚಾರಿಸಲಿಕ್ಕೆ. ನನ್ನ ಮಾನ ಸುಟ್ಟುಹೋಯಿತು ಎಂದು ಎಲ್ಲ ಹೇಳಿದೆ. ಉಪ್ಪಿನಕಾಯಿ ಭರಣಿಯ ವಿಷಯ ಬಂದಾಗ ಅವಳಿಗೆ ಖುಷಿಯೋ ಖುಷಿ. ಆದರೆ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. “ಬೈದದ್ದು ಎಲ್ಲರ ಎದುರು ಅಲ್ವಾ?” ಹೌದು ಎಂದೆ. “ಮತ್ತೆ ತಪ್ಪಾಯ್ತು ಅಂತ ಹೇಳುದು ಮಾತ್ರ ಒಳಗೊಳಗೇ ಎಂತದಕ್ಕೆ?” ಎಂದಳು. ನಾನು ತಪ್ಪಾಯಿತು ಎಂದು ಹುಡುಗಿಗೆ ಇನ್ನೂ ಹೇಳಿಯೇ ಇಲ್ಲ ಎಂದು ನೆನಪಾದದ್ದೂ ಆಗಲೇ.

ಮರುದಿನ ಅದೇ ಕ್ಲಾಸು ಲ್ಯಾಬಿನಲ್ಲಿತ್ತು. ಅಟೆಂಡರು ಬೆಳಿಗ್ಗೆಯೇ ಹೋಗಿ ಬ್ಯಾಟರಿ ತಂದಿದ್ದರು. ಹದಿನೇಳನೇ ಮೆಷಿನ್‌ನ ಬದಿ ಬಿಚ್ಚಿಸಿ, ಸತ್ತ ಬ್ಯಾಟರಿಯನ್ನು ಎಲ್ಲರಿಗೂ ತೋರಿಸಿದೆ. ಗುಡುಗು, ಪ್ಲಗ್ಗು, ಎಫ್ ಒಂದು, ಎಲ್ಲವನ್ನೂ ಹೇಳಿದೆ. ಅಂಗನವಾಡಿಯ ಮಾತಿಗೆ ಸೋಮವಾರ ನಕ್ಕಿದ್ದ ಮಕ್ಕಳು ಈಗ ಕಮಕ್ ಕಿಮಕ್ ಎನ್ನದೆ ಕೂತಿದ್ದರು. “ಇವಳು ಕದ್ದಿಲ್ಲ. ನಾನೇ ಕಲಿಸಿದ ಪಾಠವನ್ನು ನಾನು ಮರೆತೆ, ಇವಳು ಮರೆಯಲಿಲ್ಲ,” ಎಂದು ಅವಳ ಕಡೆ ತಿರುಗಿದೆ. “ತಪ್ಪಾಯ್ತು.” ಒಂದೇ ಪದ. ಒಂದು ಮೂಲೆಯಿಂದ, ಅಣ್ಣನ ಫೈಲು ತಂದಿದ್ದವನು, “ಪೊಲೀಸನ್ನು ಸಸ್ಪೆಂಡ್ ಮಾಡಿ ಮೇಡಂ,” ಎಂದ. ಎಲ್ಲರೂ ನಕ್ಕರು. ಈ ಸಲ ಅವಳೂ ನಕ್ಕಳು.

ಅವಳನ್ನು ಮೇಜಿನ ಹತ್ತಿರ ಕರೆದು ಮಾರ್ಕಿನ ಪುಸ್ತಕ ಬಿಚ್ಚಿದೆ. ಬ್ಯಾಗಿನಿಂದ ವೈಟ್ನರ್ ತೆಗೆದು ಅಲುಗಾಡಿಸಿ, ಮುಚ್ಚಳ ತಿರುಗಿಸಿದೆ.

“ಅದು ಬೇಡ ಮೇಡಂ,” ಎಂದಳು.

“ಸೊನ್ನೆ ಹಾಗೇ ಇರ್ಲಿ ಅಂತಲಾ?”

“ಬಿಳಿ ಹಚ್ಚಿದ್ರೆ ಯಾರು ತಿದ್ದಿದ್ದು, ಯಾವಾಗ ತಿದ್ದಿದ್ದು ಅಂತ ಗೊತ್ತಾಗುದಿಲ್ಲ. ನಾಳೆ ನೋಡಿದವರು ನಾನೇ ಯಾರ ಹತ್ತಿರವೋ ಹೇಳಿ ಮಾಡಿಸಿದ್ದು ಅಂತ ತಿಳೀತಾರೆ.” ಅವಳು ನನ್ನ ಮುಖ ನೋಡಿದಳು. “ಸೊನ್ನೆಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಮಾರ್ಕು ಬರೀರಿ ಮೇಡಂ. ಇವತ್ತಿನ ತಾರೀಕು, ಗಂಟೆ ಹಾಕಿ, ನಿಮ್ಮ ಸಹಿ ಹಾಕಿ.”

ಮುಚ್ಚಳವನ್ನು ತಿರುಗಿಸಿ ಹಾಕಿದೆ. ಕೆಂಪು ಪೆನ್ನಿನಿಂದಲೇ ಸೊನ್ನೆಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಇಪ್ಪತ್ತು ಬರೆದೆ. ಕೆಳಗೆ ತಾರೀಕು ಹಾಕಿ, ಗಂಟೆ ಎಷ್ಟಾಯಿತು ಎಂದು ಗೋಡೆಯ ಗಡಿಯಾರದ ಕಡೆ ತಲೆ ಎತ್ತಿದೆ.

“ಅದು ಹತ್ತು ನಿಮಿಷ ಮುಂದೆ ಉಂಟು ಮೇಡಂ,” ಎಂದರು ಅಟೆಂಡರು ಬಾಗಿಲಿನಿಂದ, ಹೆದರುತ್ತಾ. “ಆಲಂಕಾರಿನ ಬಸ್ಸು ತಪ್ಪಬಾರ್ದು ಅಂತ ನಾನೇ ಇಟ್ಟದ್ದು.”

ಕ್ಲಾಸು ನನ್ನ ಬೈಗುಳಕ್ಕೆ ಕಾಯಿತು. ನಾನು ಅವಳ ಕಡೆ ತಿರುಗಿ, “ಗಂಟೆ ಎಷ್ಟಾಯ್ತು, ನೀನೇ ಹೇಳು,” ಎಂದೆ.

ಅವಳು ಕೈ ತಿರುಗಿಸಿ ತನ್ನ ವಾಚು ನೋಡಿದಳು. “ಹನ್ನೊಂದು ಇಪ್ಪತ್ತು ಮೇಡಂ.”

ನನ್ನ ಮೊಬೈಲು ಮೇಜಿನ ಮೇಲೆಯೇ ಇತ್ತು. ಅದನ್ನು ನೋಡಲಿಲ್ಲ. ಅವಳು ಹೇಳಿದ್ದನ್ನೇ ಬರೆದು ಸಹಿ ಹಾಕಿದೆ.